ಗಿರಾಕಿಗೆ ಹೇಳದ ಅಳತೆ

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಗಿರಾಕಿಯ ಸೊಂಟದ ಅಳತೆಯನ್ನು ಗಿರಾಕಿಗೆ ಹೇಳಕೂಡದು. ಟೇಪು ಸುತ್ತಬೇಕು, ಅಂಕಿ ನೋಡಬೇಕು, ಮುಖದ ಮೇಲೆ ಏನೂ ತೋರಿಸದೆ ಬರೆದುಕೊಳ್ಳಬೇಕು. ಹೋದ ಸಲಕ್ಕಿಂತ ದಪ್ಪಗಾಗಿ ಬಂದವನು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, "ಹಳೇ ಅಳತೇನೇ ಇರಬೇಕಲ್ವಾ ಮಾಸ್ಟ್ರೇ?" ಎಂದರೆ, "ಅದೇ, ಅದೇ" ಎಂದು ತಲೆಯಾಡಿಸಬೇಕು. ಆಮೇಲೆ ಅವನ ಹೊಟ್ಟೆ ನಿಜವಾಗಿ ಎಷ್ಟಿದೆಯೋ ಅಷ್ಟಕ್ಕೇ ಹೊಲಿದು ಕೊಡಬೇಕು. ಅವನು ಪ್ಯಾಂಟು ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, ತಾನು ಒಂಚೂರೂ ಬದಲಾಗಿಲ್ಲವೆಂದು ಹಿಗ್ಗಿ ಹೋಗುತ್ತಾನೆ. "ಜನ ನಮ್ಮ ಹತ್ರ ಬಟ್ಟೆಗೆ ಬರ್ತಾರೆ ಕಣೇ, ಬುದ್ಧಿವಾದಕ್ಕಲ್ಲ" ಎನ್ನುತ್ತಿದ್ದರು ಮಾಸ್ಟರು.

ಮಾಸ್ಟರೆಂದರೆ ಶಾಲೆಯ ಮಾಸ್ಟರಲ್ಲ, ಕಟಿಂಗ್ ಮಾಸ್ಟರು. ಕತ್ತರಿ ಅವರದು, ಮಿಷನ್ನು ಹೆಂಡತಿಯದು. ಅವರು ಬಟ್ಟೆ ಕತ್ತರಿಸಿ ಕೊಟ್ಟರೆ ಅವಳು ಹೊಲಿಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಬಿಗಿಯಾದದ್ದನ್ನು ಬಿಡಿಸುವುದು, ಸಡಿಲಾದದ್ದನ್ನು ಹಿಡಿಯುವುದು ಅವಳ ಕೆಲಸ. ಹಾಗಾಗಿ ಬೀದಿಯವರಿಗೆಲ್ಲ ಅವಳು ಆಲ್ಟ್ರೇಷನ್ ಅಕ್ಕ. ಮದುವೆಯಾಗಿ ಬಂದಾಗ ಅವಳಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಎಲ್ಲವನ್ನೂ ಕಲಿಸಿದವರು ಮಾಸ್ಟರೇ. ಸುಳ್ಳು ಹೇಳುವುದನ್ನೂ ಅವರೇ ಕಲಿಸಿದರು ಎಂದರೆ ಅವರು ಒಪ್ಪುತ್ತಿರಲಿಲ್ಲ, ಅದನ್ನು ಮರ್ಯಾದೆ ಎನ್ನುತ್ತಿದ್ದರು. ಆದರೆ "ಅದೇ, ಅದೇ" ಎನ್ನುವಾಗ ಅವರ ಕೈ ತಾನಾಗಿ ಕೊರಳಲ್ಲಿ ನೇತಾಡುವ ಟೇಪಿನ ತುದಿಗೆ ಹೋಗಿ ಅದನ್ನು ನೇವರಿಸುತ್ತಿತ್ತು. ಗಿರಾಕಿಗಳು ಅದನ್ನು ಯಾವತ್ತೂ ಗಮನಿಸಿದವರಲ್ಲ. ಅಕ್ಕ ಮಾತ್ರ ಅಷ್ಟು ವರ್ಷ ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದಳು.

ಮಾಸ್ಟರ ತಂದೆ ತೀರಿಕೊಂಡದ್ದು ದೊಡ್ಡ ಕರುಳಿನ ಕ್ಯಾನ್ಸರಿನಿಂದ. ಆ ಮನೆಯಲ್ಲಿ ಯಾರೂ ಅದನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ, "ಅಪ್ಪಂದು" ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ಅಪ್ಪಂದು ಮಗನಿಗೂ ಬರಬಹುದೆಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಗಂಡನ ಬೆನ್ನು ಬಿಡದೆ ಒಮ್ಮೆ ಕ್ಯಾಮೆರಾ ಪರೀಕ್ಷೆ ಮಾಡಿಸಿದ್ದಳು. ಹಿಂದಿನಿಂದ ಕೊಳವೆ ಹಾಕಿ ಇಡೀ ಕರುಳನ್ನು ನೋಡುವ ಪರೀಕ್ಷೆ. ಆಗ ಒಳಗೋಡೆಯ ಮೇಲೆ ಸಣ್ಣದೊಂದು ಗಂಟು ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದರು. "ಇದನ್ನ ಹೀಗೇ ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗ್ತಿತ್ತು, ಈಗ ಇಲ್ಲ. ಆದ್ರೆ ಮತ್ತೆ ಮೂಡಬಹುದು, ಹೇಳಿದ ಹೊತ್ತಿಗೆ ಬಂದು ತೋರಿಸಿ" ಎಂದು ತಾರೀಖು ಕೊಟ್ಟು ಕಳಿಸಿದರು. ಅಕ್ಕ ಆ ತಾರೀಖನ್ನು ತನ್ನ ಮದುವೆಯ ದಿನದಂತೆ ನೆನಪಿಟ್ಟುಕೊಂಡಿದ್ದಳು.

ತಾರೀಖು ಬರುವ ಮೊದಲೇ ಕೊರೊನಾ ಬಂತು. ಬೀದಿ ಬಾಗಿಲು ಹಾಕಿಕೊಂಡಿತು. ಆಸ್ಪತ್ರೆಯಿಂದ ಫೋನು ಬಂತು. ತುರ್ತು ಇಲ್ಲದ ಪರೀಕ್ಷೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದೇವೆ, ನೀವು ಬರಬೇಡಿ, ನಾವೇ ಕರೆಯುತ್ತೇವೆ ಎಂದರು. ಮಾಸ್ಟರಿಗೆ ಹಬ್ಬ. ಹೊಟ್ಟೆ ತೊಳೆಯುವ ಆ ಉಪ್ಪುಪ್ಪು ನೀರನ್ನು ಜಗ್ಗುಗಟ್ಟಲೆ ಕುಡಿಯುವುದು ತಪ್ಪಿತಲ್ಲ! "ಆ ನೀರು ಕುಡಿಯೋ ಬದಲು ಕೊರೊನಾನೇ ವಾಸಿ" ಎಂದು ಅಕ್ಕನ ಕೈಲಿ ಬೈಸಿಕೊಂಡರು. ಬೈದಳೇನೋ ನಿಜ, ಆದರೆ ಅವಳಿಗೂ ಎಲ್ಲೋ ಒಂದು ಕಡೆ ನಿರಾಳವಾಯಿತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಆಂಬುಲೆನ್ಸುಗಳ ಸದ್ದು ಕೇಳುತ್ತಿದ್ದ ದಿನಗಳಲ್ಲಿ ಗಂಡನನ್ನು ತಾನಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಧೈರ್ಯ ಯಾರಿಗಿತ್ತು?

ಪ್ಯಾಂಟು ಹೊಲಿಸುವವರು ಯಾರೂ ಇರಲಿಲ್ಲ. ಮದುವೆಗಳಿಲ್ಲ, ಆಫೀಸುಗಳಿಲ್ಲ, ಜನ ಮನೆಯಲ್ಲಿ ಬನಿಯನ್ನು ಹಾಕಿಕೊಂಡು ಕೂತಿದ್ದರು. ಗಂಡ ಹೆಂಡಿರಿಬ್ಬರೂ ಮಾಸ್ಕು ಹೊಲಿಯಲು ಕೂತರು. ಗಿರಾಕಿಗಳು ನಿಂತು ನೋಡಿಕೊಳ್ಳುತ್ತಿದ್ದ ಆಳೆತ್ತರದ ಕನ್ನಡಿಗೆ ಮಾಸ್ಕಿನ ಬಟ್ಟೆಯ ಥಾನುಗಳನ್ನು ಒರಗಿಸಿದ್ದಾಯಿತು.

ಮೊದಲ ಸಲ ಅವಳು ಗಮನಿಸಿದ್ದು ಮಾಸ್ಟರ ಬೂದು ಪ್ಯಾಂಟನ್ನು ಇಸ್ತ್ರಿ ಮಾಡುವಾಗ. ಬೆಲ್ಟಿನ ಪಟ್ಟಿಗಳ ನಡುವೆ ಬಟ್ಟೆ ಸುಕ್ಕುಗಟ್ಟಿತ್ತು, ಸಡಿಲವಾದ ಪ್ಯಾಂಟನ್ನು ಬೆಲ್ಟಿನಿಂದ ಬಿಗಿದು ಕಟ್ಟಿದರೆ ಮಾತ್ರ ಬೀಳುವ ಸುಕ್ಕು ಅದು. ಊರೂರೆಲ್ಲ ಕೂತು ತಿಂದು ಊದಿಕೊಳ್ಳುತ್ತಿದ್ದಾಗ ತನ್ನ ಗಂಡ ಮಾತ್ರ ಇಳಿದುಹೋಗಿದ್ದಾನೆ. ಯೋಚನೆಗೆ ಇಳಿದಿರಬೇಕು ಎಂದುಕೊಂಡಳು. ಹಿಂಭಾಗದ ನಡುಹೊಲಿಗೆಯನ್ನು ಒಂದಿಷ್ಟು ಒಳಗೆ ಹಿಡಿದು ಹೊಲಿದಳು. ಹಳೆಯ ಹೊಲಿಗೆಯನ್ನು ಬಿಚ್ಚಲಿಲ್ಲ. ನಾಲ್ಕು ದಿನ ಕಳೆದರೆ ಮತ್ತೆ ಮೈ ತುಂಬಿಕೊಳ್ಳುತ್ತದೆ, ಆಗ ಹೊಸ ಹೊಲಿಗೆ ಬಿಚ್ಚಿದರೆ ಸಾಕು. ಬೆಳಿಗ್ಗೆ ಮಾಸ್ಟರು ಹಾಕಿಕೊಂಡರು, ಬೆಲ್ಟು ಸಲೀಸಾಗಿ ಹಳೆಯ ತೂತಿಗೇ ಕೂತಿತು. ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಈಗಾಗಲೇ ಕಂಗಾಲಾಗಿರುವ ಮನುಷ್ಯನಿಗೆ ನೀನು ಇಳಿದುಹೋಗಿದ್ದೀಯ ಎಂದು ಬೇರೆ ಹೇಳಬೇಕೇ ಎಂದುಕೊಂಡಳು.

ನೀವಾಗಿದ್ದರೆ, ನಾನಾಗಿದ್ದರೆ, ಪ್ಯಾಂಟು ಜಾರುತ್ತಿತ್ತು, ನಮಗೇ ಗೊತ್ತಾಗುತ್ತಿತ್ತು. ಹೊಲಿಯುವವಳ ಗಂಡನಿಗೆ ಆ ಭಾಗ್ಯವಿರಲಿಲ್ಲ.

ಎರಡನೇ ಸಲ ಹಿಡಿಯುವಾಗ ಊಟ ಕಮ್ಮಿಯಾಗಿದೆ ಎಂದು ಸಮಾಧಾನ ಹೇಳಿಕೊಂಡಳು. ಮೂರನೇ ಸಲ ಬೇಸಗೆಯ ಸೆಕೆಯ ಮೇಲೆ ಹಾಕಿದಳು. ನೀಲಿ ಪ್ಯಾಂಟು, ಕಂದು ಪ್ಯಾಂಟು, ಎಲ್ಲವೂ ಒಂದೊಂದಾಗಿ ಮಿಷನ್ನಿನ ಕೆಳಗೆ ಬಂದು ಹೋದವು. ಬೇರೆ ಕಾಲವಾಗಿದ್ದರೆ ಯಾರಾದರೂ ಒಬ್ಬರು ಬಾಗಿಲಲ್ಲಿ ನಿಂತು, "ಏನ್ರೀ ಮಾಸ್ಟ್ರೇ, ಅರ್ಧಕ್ಕರ್ಧ ಆಗಿಬಿಟ್ಟಿದ್ದೀರಲ್ಲ!" ಎಂದು ಕೂಗುತ್ತಿದ್ದರು. ನಮ್ಮ ಜನರ ಬಾಯಿಗೆ ಬೀಗ ಇರುವುದಿಲ್ಲ, ಅದರಿಂದ ಎಷ್ಟೋ ಸಲ ಜೀವ ಉಳಿಯುತ್ತದೆ. ಈಗ ಯಾರೂ ಬರುವ ಹಾಗಿರಲಿಲ್ಲ. ಮಾಸ್ಟರ ಮುಖದ ಮೇಲೆ ದಿನವಿಡೀ ಮಾಸ್ಕು. ಅವರ ತಂಗಿ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, "ಅಣ್ಣ ಗಡ್ಡ ಬಿಟ್ಟು ಚೆನ್ನಾಗಿ ಕಾಣ್ತಾನೆ ಅತ್ತಿಗೆ" ಎಂದಳು.

ಒಂದು ಮಧ್ಯಾಹ್ನ ಅಕ್ಕ ಬೂದು ಪ್ಯಾಂಟನ್ನು ಮೇಜಿನ ಮೇಲೆ ಬೋರಲು ಹಾಸಿ ನೋಡಿದಳು. ಹಿಂದಿನ ಎರಡು ಜೇಬುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿದ್ದವು. ನಡುವಿನ ಹೊಲಿಗೆಯನ್ನು ಹಿಡಿಯುತ್ತ ಹೋದರೆ ಹಾಗಾಗುತ್ತದೆ. ಅಷ್ಟು ಇಳಿದವರು ಬಂದರೆ "ಇದು ಆಲ್ಟ್ರೇಷನ್ನಿಗೆ ಆಗಲ್ಲ, ಬಿಚ್ಚಿ ಹೊಸದಾಗಿ ಕತ್ತರಿಸಬೇಕು" ಎಂದು ಅವಳೇ ಎಷ್ಟು ಜನರಿಗೆ ಹೇಳಿಲ್ಲ. ಒಳಕೋಣೆಯಲ್ಲಿ ಮಾಸ್ಟರು ಮಲಗಿದ್ದರು. ಜೀವಮಾನದಲ್ಲಿ ಹಗಲು ಹೊತ್ತು ಒರಗದ ಮನುಷ್ಯ, ಈಚೆಗೆ ಊಟವಾದ ಕೂಡಲೇ "ಸ್ವಲ್ಪ ಕಣ್ಣು ಎಳೀತಿದೆ" ಎಂದು ಹೋಗುತ್ತಿದ್ದರು. ಅಕ್ಕ ಪ್ಯಾಂಟನ್ನು ಮಡಿಸಿದಳು, ಮತ್ತೆ ಬಿಚ್ಚಿ ನೋಡಿದಳು, ಮತ್ತೆ ಮಡಿಸಿದಳು. ಅಪ್ಪಂದು ಎಂಬ ಪದ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಆಮೇಲೆ ಏನು ಮಾಡಿದಳು ಗೊತ್ತೇ? ನಡುಹೊಲಿಗೆಯನ್ನು ಬಿಟ್ಟು ಪಕ್ಕದ ಹೊಲಿಗೆಗಳನ್ನು ಹಿಡಿದಳು. ಭಯವಾದಾಗ ಮನುಷ್ಯರು ತಮಗೆ ಬರುವ ಕೆಲಸವನ್ನೇ ಮಾಡುತ್ತಾರೆ.

ಡಾಕ್ಟರ ಫೋನು ಬಂದದ್ದು ಅದಾದ ವಾರದೊಳಗೆ. ಆಸ್ಪತ್ರೆಯಲ್ಲಿ ಪರೀಕ್ಷೆಗಳನ್ನು ನಿಧಾನವಾಗಿ ಶುರು ಮಾಡುತ್ತಿದ್ದರು. ಕಾದವರು ಬೇಕಾದಷ್ಟು ಜನ, ಒಳಗೆ ಬಿಡುವುದು ಕೆಲವರನ್ನು. ಯಾರನ್ನು ಮೊದಲು ಕರೆಯಬೇಕು, ಯಾರು ಇನ್ನೂ ಕಾಯಬಹುದು ಎಂದು ಫೋನಿನಲ್ಲೇ ವಿಚಾರಿಸುತ್ತಿದ್ದರು. ಮಾಸ್ಟರು ಫೋನನ್ನು ಕಟಿಂಗ್ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಅಕ್ಕ ಮೇಜಿನ ಆ ಬದಿಯಲ್ಲಿ ಮಾಸ್ಕಿನ ಮಡಿಕೆಗಳಿಗೆ ಗುಂಡುಪಿನ್ನು ಚುಚ್ಚುತ್ತಿದ್ದಳು. ತುಟಿಗಳ ನಡುವೆ ಪಿನ್ನುಗಳ ಸಾಲು.

ಡಾಕ್ಟರು ಹೆಂಗಸು, ದನಿಯಲ್ಲೇ ದಣಿವು ಗೊತ್ತಾಗುತ್ತಿತ್ತು. "ಹೊಟ್ಟೆ ನೋವು ಇದೆಯಾ?"

"ಇಲ್ಲ ಡಾಕ್ಟ್ರೇ."

"ಹೊರಗೆ ಹೋಗುವಾಗ ರಕ್ತ ಏನಾದ್ರೂ ಕಾಣಿಸ್ತಾ?"

"ಇಲ್ಲ, ಇಲ್ಲ."

ಅಕ್ಕ ತಲೆಯೆತ್ತಿದಳು. ಮಾಸ್ಟರ ಕೈ ಕೊರಳಿನ ಟೇಪಿನ ತುದಿಯನ್ನು ನೇವರಿಸುತ್ತಿತ್ತು.

"ತೂಕ ಕಮ್ಮಿಯಾಗಿದೆಯಾ? ನೋಡಿಕೊಂಡಿಲ್ಲ ಅಂದ್ರೂ ಪರವಾಗಿಲ್ಲ. ಪ್ಯಾಂಟು ಸಡಿಲ ಆಗ್ತಿದೆಯಾ?"

ಈಗ ಮಾಸ್ಟರ ಕೈ ಟೇಪನ್ನು ಬಿಟ್ಟಿತು. ಎದೆಯುಬ್ಬಿಸಿ, ಎರಡು ಹೆಬ್ಬೆರಳುಗಳನ್ನು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿ ಎಳೆದು ನೋಡಿಕೊಂಡರು. "ಛೇ ಛೇ! ನಾನು ಟೈಲರ್ ಡಾಕ್ಟ್ರೇ. ನನ್ನ ಪ್ಯಾಂಟು ನನಗೆ ಗೊತ್ತಾಗಲ್ವಾ? ಹೋದ ವರ್ಷ ಹೇಗೆ ಕೂರ್ತಿತ್ತೋ ಈಗಲೂ ಹಾಗೇ ಕೂರುತ್ತೆ. ಒಂದು ನೂಲಿನಷ್ಟೂ ವ್ಯತ್ಯಾಸ ಇಲ್ಲ."

"ಅಬ್ಬಾ, ಒಳ್ಳೇದಾಯ್ತು" ಎಂದರು ಡಾಕ್ಟರು. "ಹಾಗಿದ್ರೆ ನೀವು ಇನ್ನೂ ಕೆಲವು ತಿಂಗಳು ಕಾಯಬಹುದು. ನಿಮಗಿಂತ ಅವಸರದವರು ತುಂಬಾ ಜನ ಇದ್ದಾರೆ. ಹುಷಾರಾಗಿರಿ."

ಅಕ್ಕ ಬಾಯಿ ತೆರೆಯಲು ಹೋದಳು, ಪಿನ್ನು ಚುಚ್ಚಿತು. ಒಂದೊಂದಾಗಿ ತೆಗೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತುಟಿಯ ಮೇಲೆ ರಕ್ತದ ಹನಿ ಮೂಡಿತ್ತು. "ನೋಡಿಕೊಂಡು ಕೆಲಸ ಮಾಡಬಾರದೇನೇ" ಎಂದು ಮಾಸ್ಟರು ಗದರಿ, ಹತ್ತಿ ತರಲು ಒಳಗೆ ಹೋದರು. ಅವರು ನಡೆದು ಹೋಗುವುದನ್ನು ಅಕ್ಕ ಹಿಂದಿನಿಂದ ನೋಡಿದಳು. ಪ್ಯಾಂಟು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅವಳಿಗೆ ತನ್ನ ಕೈಗಳನ್ನೇ ಕತ್ತರಿಸಿ ಎಸೆಯಬೇಕೆನ್ನಿಸಿತು.

ಅವತ್ತೆಲ್ಲ ಅವಳು ಕದ್ದು ಕದ್ದು ಆಸ್ಪತ್ರೆಗೆ ಫೋನು ಮಾಡಿದಳು. ಹಿತ್ತಿಲಿನಿಂದ, ಬಚ್ಚಲಿನಿಂದ. ಕೇಳಿಸಿದ್ದು ಬರೀ ಸಂಗೀತ, ಕೈ ತೊಳೆಯಿರಿ ಎಂಬ ಉಪದೇಶ, ಮತ್ತೆ ಸಂಗೀತ. ಕೊನೆಗೆ ನಾದಿನಿಗೆ ಫೋನು ಮಾಡಿ, ಹೇಳಿಯೂ ಹೇಳದ ಹಾಗೆ, "ನಿಮ್ಮಣ್ಣಂಗೆ ಒಂದ್ಸಲ ತೋರಿಸ್ಕೊಂಡು ಬಂದ್ರೆ ಹೇಗೆ?" ಎಂದಳು.

"ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ? ಅಲ್ಲಿ ಹೋದವರು ಮೂಟೆಯಾಗಿ ಬರ್ತಿದ್ದಾರೆ. ಇಲ್ಲದ ರೋಗಕ್ಕೆ ಹೋಗಿ ಇರೋ ರೋಗ ತರ್ತೀರಾ?"

ಇಲ್ಲದ ರೋಗ. ಅಕ್ಕ ಫೋನು ಇಟ್ಟುಬಿಟ್ಟಳು. ಇದೆ ಎನ್ನಬೇಕಾದರೆ ಪ್ಯಾಂಟಿನ ವಿಷಯ ಹೇಳಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಲಾಸ್ಟಿಕ್ ಮುಗಿದಿದೆಯೆಂದು ಸುಳ್ಳು ಹೇಳಿ, ಬೂದು ಪ್ಯಾಂಟನ್ನು ಚೀಲದಲ್ಲಿ ತುರುಕಿಕೊಂಡು ಹೊರಟಳು. ಖಾಲಿ ಬೀದಿಯಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳಿಸುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಹಗ್ಗ ಕಟ್ಟಿದ್ದರು. ಅದರಾಚೆ ಬಿಳಿ ಡೇರೆ, ಡೇರೆಯೊಳಗೆ ಗಾಜಿನ ಹಿಂದೆ ಒಬ್ಬ ಸಿಸ್ಟರು. ಕಾವಲುಗಾರ ಹಣೆಗೆ ಬಂದೂಕಿನಂಥದ್ದನ್ನು ಹಿಡಿದು ಜ್ವರ ನೋಡಿ, ಏನು ಕೇಸು ಎಂದ. "ನಮ್ಮ ಯಜಮಾನರದು" ಎಂದಳು. ಯಜಮಾನರು ಎಲ್ಲಿ ಎಂದ. ಮನೆಯಲ್ಲಿ ಎಂದಳು. ಅವನು ಅವಳನ್ನೂ ಅವಳ ಚೀಲವನ್ನೂ ಒಂದು ಸಲ ನೋಡಿ, ಪಾಪ ಎನ್ನಿಸಿತೋ ಏನೋ, ಒಳಗೆ ಬಿಟ್ಟ.

ಸಿಸ್ಟರ ಮುಖವೆಲ್ಲ ಮುಚ್ಚಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಅಕ್ಕ ಚೀಲದಿಂದ ಪ್ಯಾಂಟು ತೆಗೆದು ಗಾಜಿಗೆ ಒತ್ತಿ ಹಿಡಿದಳು.

"ಏನಮ್ಮ ಇದು?"

"ನಮ್ಮ ಯಜಮಾನರ ಪ್ಯಾಂಟು ಸಿಸ್ಟರ್."

"ಅಡ್ಮಿಟ್ ಆಗಿದ್ದಾರಾ? ಬಟ್ಟೆ ಎಲ್ಲ ಒಳಗೆ ಕಳಿಸೋ ಹಾಗಿಲ್ಲಮ್ಮ."

"ಅಲ್ಲ. ನೆನ್ನೆ ಕರುಳಿನ ಪರೀಕ್ಷೆ ಡಾಕ್ಟರು ಫೋನಲ್ಲಿ ಪ್ಯಾಂಟು ಸಡಿಲ ಆಗಿದೆಯಾ ಅಂತ ಕೇಳಿದ್ರು. ಇಲ್ಲ ಅಂದ್ರು ಇವರು. ಸಡಿಲ ಆಗಿದೆ ಸಿಸ್ಟರ್. ನಾನೇ... ಅವರಿಗೆ ಗೊತ್ತಾಗದ ಹಾಗೆ ನಾನೇ ಹಿಡಿದು ಹಿಡಿದು ಹೊಲೀತಾ ಬಂದೆ."

ಹೇಳುತ್ತ ಹೇಳುತ್ತ ಅವಳು ಪ್ಯಾಂಟನ್ನು ಒಳಮೈ ಮಾಡಿ ತಿರುಗಿಸಿದಳು. ಒಳಗೆ ಹೊಲಿಗೆಯ ಗೆರೆಗಳು ಒಂದರ ಪಕ್ಕ ಒಂದು ಇಳಿದಿದ್ದವು, ಪ್ರತಿ ಗೆರೆಯೂ ಒಂದೊಂದು ಸಲದ್ದು. ಹೊರಗಿನ ಗೆರೆಯಿಂದ ಒಳಗಿನ ಗೆರೆಗೆ ಅವಳ ಅಂಗೈಯೇ ಹಿಡಿಸುತ್ತಿತ್ತು. ಅವಳು ಬೆರಳಿಟ್ಟು ತೋರಿಸಿದಳು. ಇದು ಮೊದಲಿದ್ದದ್ದು, ಇದು ಈಗಿನದು. ಸಿಸ್ಟರು ಗಾಜಿಗೆ ಹತ್ತಿರ ಬಂದು ನೋಡಿದರು.

"ಇಷ್ಟೆಲ್ಲ ಈ ಕೆಲವು ತಿಂಗಳಲ್ಲಾ?"

ಅಕ್ಕ ತಲೆಯಾಡಿಸಿದಳು.

"ಅವರ ಮನೆತನದಲ್ಲಿ ಯಾರಿಗಾದ್ರೂ ಕರುಳಿನ ಕಾಯಿಲೆ ಇತ್ತಾ?"

"ಅವರ ಅಪ್ಪಂಗೆ. ಕರುಳಿನ ಕ್ಯಾನ್ಸರ್" ಎಂದಳು ಅಕ್ಕ. ಆ ಹೆಸರನ್ನು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಸಿಸ್ಟರು ಉಸಿರುಬಿಟ್ಟರು, ಅವರ ಕನ್ನಡಕ ಮಬ್ಬಾಯಿತು. "ನೋಡಿಮ್ಮ, ನಾನು ಡಾಕ್ಟರಿಗೆ ಹೇಳ್ತೀನಿ. ಆದ್ರೆ ಇಲ್ಲಿ ಒಬ್ಬೊಬ್ಬರ ಪರೀಕ್ಷೆ ಆದ್ಮೇಲೂ ಕೋಣೆಯ ಗಾಳಿ ಬದಲಾಗೋ ತನಕ ಕಾಯಬೇಕು. ಬೆಳಿಗ್ಗೆಯಿಂದ ಸಂಜೆವರೆಗೂ ಕೈಬೆರಳಲ್ಲಿ ಎಣಿಸೋಷ್ಟು ಜನರನ್ನ ನೋಡ್ತಾರೆ. ಒಬ್ಬರನ್ನ ಮುಂದೆ ತಂದ್ರೆ ಇನ್ನೊಬ್ಬರು ಹಿಂದೆ ಹೋಗ್ತಾರೆ. ನಿಮ್ಮ ಮಾತಿನ ಮೇಲೆ ಅದು ಆಗಲ್ಲ, ಅವರೇ ಹೇಳಬೇಕು. ಅವರ ಕೈಲಿ ಫೋನ್ ಮಾಡಿಸಿ, ಈ ನಂಬರಿಗೆ, ಇದನ್ನ ನಾನೇ ಎತ್ತುತ್ತೀನಿ. ಅವರಿಗೆ ಗೊತ್ತಾ ಇದು?"

"ಇಲ್ಲ."

"ಮೊದಲು ಹೋಗಿ ಅವರಿಗೆ ಹೇಳಿ."

ಹೇಳುವುದು ಸುಲಭ. ಅಕ್ಕ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ರೀ, ನಿಮ್ಮ ಹತ್ರ ಒಂದು ವಿಷಯ. ರೀ, ಕೋಪ ಮಾಡ್ಕೋಬೇಡಿ. ಯಾವುದೂ ಸರಿಹೋಗಲಿಲ್ಲ. ಮನೆಗೆ ಬಂದಾಗ ಮಾಸ್ಟರು ಮಲಗಿದ್ದರು, ಕೂತ ಬಟ್ಟೆಯಲ್ಲೇ, ಮಾಸ್ಕು ಕೂಡ ತೆಗೆಯದೆ. ಅವಳು ಮೆಲ್ಲಗೆ ಮಾಸ್ಕನ್ನು ಕೆಳಗೆ ಸರಿಸಿದಳು. ಎಷ್ಟೋ ದಿನಗಳ ಮೇಲೆ ಆ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಗಡ್ಡದ ಕೆಳಗೆ ಕೆನ್ನೆಗಳು ಒಳಗೆ ಹೋಗಿದ್ದವು. ಮಲಗಿದ್ದದ್ದು ಅವಳ ಮಾವನ ಮುಖ.

ಮಿಷನ್ನಿನ ಮುಂದೆ ಕೂತು ಬೂದು ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಬಿಚ್ಚಲು ಶುರುಮಾಡಿದಳು. ಈಚಿನದು ಮೊದಲು, ಆಮೇಲೆ ಅದರ ಹಿಂದಿನದು, ಅದರ ಹಿಂದಿನದು. ಅಳು ಬರುತ್ತಿತ್ತು, ಆದರೆ ಅಳುತ್ತ ಕೂತರೆ ಬಟ್ಟೆ ಹರಿಯುತ್ತದೆಂದು ತಡೆದುಕೊಂಡಳು. ಕೊನೆಗೆ ಉಳಿದದ್ದು ಮಾಸ್ಟರು ತಾವೇ ಕತ್ತರಿಸಿ, ಅವಳು ಮೊದಲ ಸಲ ಹೊಲಿದಿದ್ದ ಹೊಲಿಗೆಯೊಂದೇ. ಬಟ್ಟೆಯ ತುಂಬ ಸೂಜಿಯ ತೂತುಗಳು ಸಾಲುಸಾಲಾಗಿ ಉಳಿದಿದ್ದವು.

ಮಾಸ್ಟರು ಎದ್ದು ಬಂದಾಗ ಅವಳು ಪ್ಯಾಂಟನ್ನು ಮುಂದೆ ಚಾಚಿದಳು. "ಇದನ್ನ ಒಂದ್ಸಲ ಹಾಕ್ಕೊಳ್ಳಿ."

"ಯಾಕೆ, ಹೆಣ್ಣಿನ ಕಡೆಯವರು ಯಾರಾದ್ರೂ ನನ್ನ ನೋಡೋಕೆ ಬರ್ತಿದ್ದಾರಾ?"

"ಹಾಕ್ಕೊಳ್ಳಿ ಅಂದ್ನಲ್ಲ."

ಒಳಗೆ ಹೋಗಿ ಹಾಕಿಕೊಂಡರು. ಗುಂಡಿ ಹಾಕುತ್ತ ಹೊರಗೆ ಬಂದು, ಕೈಬಿಟ್ಟರು. ಪ್ಯಾಂಟು ಸೊಂಟದಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಜಾರಿ ಮೊಣಕಾಲಿಗೆ ಬಂದು ಬಿತ್ತು. ಮಾಸ್ಟರು ಬಗ್ಗಿ ಎತ್ತಿಕೊಂಡು, ನಗುತ್ತ, "ಯಾರ ಪ್ಯಾಂಟೇ ಇದು?" ಎಂದರು. ಅವರು ಸೊಂಟದ ಪಟ್ಟಿಯ ಒಳಮೈ ಮಡಿಸಿ ನೋಡಿದರು. ಅಲ್ಲಿ ಕತ್ತರಿಸುವಾಗ ತಾವೇ ಹಾಕಿದ್ದ ಗುರುತಿತ್ತು. ನಗು ನಿಂತಿತು. ಹಿಂದೆ ಕೈಹಾಕಿ ನಡುಹೊಲಿಗೆಯನ್ನು ಎಳೆದು ಬೆಳಕಿಗೆ ಹಿಡಿದರು. ಸೂಜಿಯ ತೂತುಗಳ ಮೇಲೆ ಅವರ ಹೆಬ್ಬೆರಳು ನಿಧಾನವಾಗಿ, ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯಿತು. ಇದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ನನ್ನ ಮೇಲೇ ಮಾಡಿದ್ಯಾ?" ಎಂದರು.

"ನೀವೇ ಕಲಿಸಿದ್ದು."

"ಗಿರಾಕಿಗೆ ಕಣೇ ಅದು! ಗಿರಾಕಿಗೆ! ನಾನೇನು ನಿನ್ನ ಗಿರಾಕಿಯಾ?" ಅವರು ಕೂಗಿದರು. ಕೂಗಿದ್ದಕ್ಕೇ ಸುಸ್ತಾಗಿ ಮೇಜಿಗೆ ಒರಗಿದರು. ಒಂದು ಕೈ ಪ್ಯಾಂಟನ್ನು ಹಿಡಿದುಕೊಂಡೇ ಇತ್ತು. ಅಕ್ಕ ತಡೆದುಕೊಂಡದ್ದೆಲ್ಲ ಒಮ್ಮೆಗೇ ಒಡೆಯಿತು. ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ, ಬಿಕ್ಕುತ್ತ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಹೆದರಿಕೆಯಾಯಿತು ಎಂದಳು. ನೀವು ಹೆದರುತ್ತೀರಿ ಅಂತ ಹೆದರಿಕೆಯಾಯಿತು ಎಂದಳು. ಜೇಬುಗಳು ಹತ್ತಿರ ಬಂದದ್ದನ್ನೂ, ಆಸ್ಪತ್ರೆಗೆ ಹೋದದ್ದನ್ನೂ ಹೇಳಿದಳು.

ಮಾಸ್ಟರ ಕೈ ಟೇಪಿಗೆ ಹೋಯಿತು. ಅರ್ಧದಲ್ಲೇ ನಿಂತು ಕೆಳಗೆ ಬಂತು.

"ರಕ್ತ ಹೋಗ್ತಿದೆ" ಎಂದರು. "ಪರೀಕ್ಷೆ ಮುಂದಕ್ಕೆ ಹೋಯ್ತಲ್ಲ, ಅದಾಗಿ ಸ್ವಲ್ಪ ದಿನಕ್ಕೇ ಶುರುವಾಯ್ತು. ಕೂತು ಕೆಲಸ ಮಾಡೋರಿಗೆ ಮೂಲವ್ಯಾಧಿ ಬರೋದೇ ಅಂದ್ಕೊಂಡೆ. ಅಂದ್ಕೊಳ್ಳೋಕೆ ಚೆನ್ನಾಗಿತ್ತು. ನಿಂಗೆ ಹೇಳಿದ್ರೆ ನೀನು ನನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀಯ, ಅಲ್ಲಿ ನಿಂಗೆ ಸೋಂಕು ತಗುಲುತ್ತೆ ಅಂತ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಂಥ ಜೋಡಿ ನೋಡಿ. ಒಂದೇ ಮೇಜಿನ ಎರಡು ಬದಿಗೆ ಕೂತು, ಒಬ್ಬರನ್ನೊಬ್ಬರು ಗಿರಾಕಿಯ ಹಾಗೆ ನೋಡಿಕೊಂಡು ತಿಂಗಳುಗಳನ್ನು ಕಳೆದಿದ್ದರು.

ಮಾಸ್ಟರೇ ಫೋನು ಮಾಡಿದರು. ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಫೋನು. ರಕ್ತ, ಸುಸ್ತು, ಅಪ್ಪನ ಕಾಯಿಲೆಯ ಹೆಸರು, ಎಲ್ಲವನ್ನೂ ಹೇಳಿದರು. ಸಿಸ್ಟರು ಆ ವಾರವೇ ಕರೆದರು. ಅಂದು ಗೇಟಿನಿಂದಾಚೆಗೆ ಅಕ್ಕನನ್ನು ಬಿಡಲಿಲ್ಲ. ಹಗ್ಗದ ಈಚೆ ನಿಂತು, ಸೊಂಟದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನಡೆದು ಹೋಗುತ್ತಿದ್ದ ಗಂಡನ ಬೆನ್ನನ್ನು ನೋಡುತ್ತಿದ್ದಳು. ಹೊರಡುವ ಮೊದಲು ಹಿಡಿದು ಕೊಡಲೇ ಎಂದು ಕೇಳಿದ್ದಳು. "ಮುಟ್ಟಬೇಡ. ಡಾಕ್ಟರು ನೋಡಲಿ" ಎಂದಿದ್ದರು.

ಗಂಟು ಮತ್ತೆ ಬೆಳೆದಿತ್ತು, ಈ ಸಲ ಗಂಟಾಗಿ ಉಳಿದಿರಲಿಲ್ಲ. ಆಪರೇಷನ್ನು ಮಾಡಿ ಕರುಳಿನ ಒಂದು ಭಾಗವನ್ನೇ ತೆಗೆದರು. ಡಾಕ್ಟರು, ಅದೇ ದಣಿದ ದನಿಯವರು, ಅಕ್ಕನಿಗೆ ಫೋನು ಮಾಡಿದರು. ಪಕ್ಕದ ಕೆಲವು ಗ್ರಂಥಿಗಳಿಗೂ ಹಬ್ಬಿದೆ, ದೂರಕ್ಕೆ ಹೋದ ಹಾಗಿಲ್ಲ, ಔಷಧಿ ಕೊಡಬೇಕು, ಹಲವು ತಿಂಗಳು ಹಿಡಿಯುತ್ತದೆ ಎಂದರು. ವಾಸಿಯಾಗುತ್ತಾ ಎಂದು ಕೇಳಿದಳು. ಆಗಬಹುದು ಎಂದರು. ಮೊದಲು ಕೊಟ್ಟಿದ್ದ ತಾರೀಖಿಗೇ ಬಂದಿದ್ದರೆ ಎಂದು ಕೇಳಿದಳು.

"ಆಗ ನಾವೇ ಬಾಗಿಲು ಹಾಕಿದ್ವಿ ಅಮ್ಮ" ಎಂದರು ಡಾಕ್ಟರು. "ಅದನ್ನ ನೀವು ಹೊರಬೇಡಿ."

ಅದನ್ನು ಹೊರದಿದ್ದರೂ ಆಮೇಲಿನ ತಿಂಗಳುಗಳನ್ನು ಅವಳು ಹೊರಲೇಬೇಕಿತ್ತು. ಅದರ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮಾಸ್ಟರು ಮನೆಗೆ ಬಂದರು. ಒಂದು ಬೆಳಿಗ್ಗೆ ಅವರೇ ಕನ್ನಡಿಯ ಮುಂದಿನ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಸರಿಸಿ, ಕೊರಳಿನ ಟೇಪನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಗಿರಾಕಿ ನಿಲ್ಲುವ ಜಾಗದಲ್ಲಿ ತಾವು ನಿಂತರು.

"ಅಳತೆ ತಗೋ. ಗಟ್ಟಿಯಾಗಿ ಹೇಳು."

ಅವಳು ತಗೊಂಡಳು. ಹೇಳಿದಳು. ಅಂಕಿ ಕೇಳಿ ಮಾಸ್ಟರು ಕಣ್ಣು ಮುಚ್ಚಿಕೊಂಡರು. ಆ ಅಳತೆಯ ಪ್ಯಾಂಟನ್ನು ಅವರು ಹದಿಹರೆಯದ ಹುಡುಗರಿಗೆ ಹೊಲಿದಿದ್ದರು. "ಸರಿ, ಮುಂದಿನ ವಾರ ಮತ್ತೆ" ಎಂದು ಪ್ಯಾಂಟು ಹಿಡಿದುಕೊಂಡು ಹೋಗಿ ಕೂತರು. ಮುಂದಿನ ವಾರ ಅಂಕಿ ಇನ್ನೂ ಇಳಿದಿತ್ತು. ಅದನ್ನೂ ಹೇಳಿದಳು. ಅದರ ಮುಂದಿನ ವಾರವೂ ಇಳಿದಿತ್ತು, ಆಗಲೂ ಹೇಳಿದಳು. ಔಷಧಿಯಿಂದ ಬಾಯಿ ಹುಣ್ಣಾಗಿ ಮಾಸ್ಟರಿಗೆ ತುತ್ತು ಸೇರುತ್ತಿರಲಿಲ್ಲ. ಮೊಟ್ಟೆ, ಹಾಲು, ಸೂಪು, ಅವಳು ತಟ್ಟೆ ಹಿಡಿದುಕೊಂಡು ಮನೆ ತುಂಬ ಅವರ ಹಿಂದೆ ತಿರುಗುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಅವಳು ಟೇಪು ಸುತ್ತಿದಳು, ನೋಡಿದಳು, ಏನೂ ಹೇಳಲಿಲ್ಲ. ಟೇಪು ಬಿಚ್ಚಿ ಮತ್ತೆ ಸುತ್ತಿದಳು. ಹೊಕ್ಕುಳಿನ ನೇರಕ್ಕೆ ಸರಿಮಾಡಿದಳು. ಮತ್ತೆ ನೋಡಿದಳು.

ಕನ್ನಡಿಯಲ್ಲಿ ಮಾಸ್ಟರ ಮುಖ ಬಿಳಿಚಿಕೊಂಡಿತು. ಅವಳ ಮೌನ ಎಂಥದ್ದೆಂದು ಅವರಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ಯಾಕೆ ಸುಮ್ಮನಾದೆ? ಹೇಳೇ. ಏನಿದ್ರೂ ಹೇಳು. ಸುಮ್ಮನಿರಬೇಡ ಮಾರಾಯ್ತಿ, ಹೇಳು."

ಅವಳು ಟೇಪನ್ನು ಬಿಡದೆ, ಕನ್ನಡಿಯಲ್ಲಿ ಅವರ ಕಣ್ಣುಗಳನ್ನು ನೋಡುತ್ತ, "ಹೋದ ವಾರದ್ದೇ ಇದೆ ರೀ" ಎಂದಳು.

ಮಾಸ್ಟರು ತಿರುಗಿ, ಅವಳ ಒಂದು ಕೈ ಟೇಪಿನ ತುದಿಯನ್ನು ನೇವರಿಸುತ್ತಿದೆಯೇ ಎಂದು ನೋಡಿದರು. ಅವಳ ಎರಡೂ ಕೈಗಳು ಅಂಕಿಯ ಮೇಲೆ, ಬೆರಳು ಒತ್ತಿ, ಅಲುಗಾಡದೆ ಇದ್ದವು. ಅವರು ಬಗ್ಗಿ ತಾವೇ ಅಂಕಿ ಓದಿದರು.

"ಅದೇ" ಎಂದರು. "ಅದೇ."